ಬಾಗಿಲ ಬದಿಯ ಕಡೆಯ ಸೀಟು

ಕಠ್ಮಂಡು, ಮಂಜಿನಲ್ಲಿ

೧೯೮೬ ನವೆಂಬರ್ ೧೮, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ವಿಮಾನ ನಿಲ್ದಾಣದ ದೊಡ್ಡ ಗಾಜಿನ ಆಚೆಗೆ ಏನೂ ಕಾಣುತ್ತಿರಲಿಲ್ಲ. ನಮ್ಮ ಕಡೆ ಮಂಜು ಎಂದರೆ ಕಡಲೆ ಹೊಲದ ಮೇಲೆ ಸ್ವಲ್ಪ ಹೊತ್ತು ಮಲಗಿದ್ದು, ಬಿಸಿಲು ಬಿದ್ದೊಡನೆ ಎದ್ದು ಹೋಗುವಂಥದ್ದು. ಇಲ್ಲಿಯ ಮಂಜಿಗೆ ಅಂಥ ಅವಸರವಿರಲಿಲ್ಲ. ಅದರೊಳಗೆ ಯಾರೋ ನಡೆದಾಡುವ ಸಪ್ಪಳ ಕೇಳುತ್ತಿತ್ತು, ಗಾಡಿ ತಳ್ಳುವ ಸಪ್ಪಳ ಕೇಳುತ್ತಿತ್ತು. ಮನುಷ್ಯರು ಮಾತ್ರ ಕಾಣುತ್ತಿರಲಿಲ್ಲ.

ನನ್ನ ಊರು ಶಲವಡಿ. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಜೊತೆಯಲ್ಲಿದ್ದವಳು ನನ್ನ ತಂದೆಯ ಅಕ್ಕ, ತಿರ್ಲಾಪುರಕ್ಕೆ ಕೊಟ್ಟ ನೀಲವ್ವ ಅತ್ತೆ. ಮನೆಯವರು ಅವಳ ಜೊತೆಗೆ ನನ್ನನ್ನೇ ಆರಿಸಿ ಕಳಿಸಿದ್ದಕ್ಕೆ ಕಾರಣವಿತ್ತು. ಅಣ್ಣಿಗೇರಿ–ನವಲಗುಂದ ಬಸ್ಸಿನಲ್ಲಿ ಯಾವ ಸೀಟಿಗೆ ಯಾವ ತಿಂಗಳು ಬಿಸಿಲು ಬಡಿಯುತ್ತದೆ, ಯಾವ ಸೀಟಿನ ಕೆಳಗೆ ಗಾಲಿ ಬಂದು ಸೊಂಟ ಮುರಿಯುತ್ತದೆ ಎಂದು ವರ್ಷವಿಡೀ ಗೀಟು ಹಾಕಿ ಲೆಕ್ಕ ಇಟ್ಟವನು ನಾನು. ಆಗ ನಕ್ಕವರೇ ಈಗ, ‘ಹೋಗಿ ಆ ವಿಮಾನದ ಸೀಟು ಹ್ಯಾಂಗ ಅದಾವ ನೋಡಿಕೊಂಡು ಬಾ’ ಎಂದಿದ್ದರು.

ಆರು ವರ್ಷದ ಹಿಂದೆ ತಿರ್ಲಾಪುರದಿಂದ ಏಳು ಜನ ಪಶುಪತಿನಾಥನ ದರ್ಶನಕ್ಕೆ ಬಂದಿದ್ದರು. ಅವರಲ್ಲಿ ಅತ್ತೆಯ ಗಂಡ ಗುರುಪಾದಪ್ಪನೂ ಒಬ್ಬ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ, ಮಾತು ಕಡಿಮೆ. ದರ್ಶನ ಮುಗಿಸಿ, ಬಂದದ್ದು ಬಂದೆವು, ಹಿಮದ ಗುಡ್ಡ ನೋಡಿಯೇ ಹೋಗೋಣ ಎಂದು ಏಳೂ ಜನ ಇಲ್ಲಿಂದ ಪೋಖರಾಕ್ಕೆ ವಿಮಾನ ಹತ್ತಿದರು. ಅರ್ಧ ತಾಸಿನ ದಾರಿ. ಪೋಖರಾದಲ್ಲಿ ಇಳಿದವರು ಆರು ಜನ. ಮಾವನ ಸೀಟಿನ ಮೇಲೆ ಮಾವನ ಟವೆಲ್ಲು ಇತ್ತು, ಮಾವ ಇರಲಿಲ್ಲ. ಅಲ್ಲಿಯ ಕಚೇರಿಯಲ್ಲಿ ಕೇಳಿದರೆ, ಹತ್ತಿದವರೆಲ್ಲ ಇಳಿದಿದ್ದಾರೆ ಎಂದರಂತೆ. ಪೊಲೀಸರಿಗೆ ಹೇಳಿದ್ದೂ ಆಯಿತು, ಫಲವಾಗಲಿಲ್ಲ.

ಆ ಆರೂ ಜನ ಇವತ್ತಿಗೂ ವಿಭೂತಿ ಮುಟ್ಟಿ ಹೇಳುವ ಮಾತು ಒಂದೇ: ಬಾಗಿಲು ಮುಚ್ಚಿದ ಮೇಲೆ ನಾವು ಹಿಂದಿರುಗಿ ನೋಡಿದೆವು, ಗುರುಪಾದಪ್ಪ ಎಡಗಡೆ ಕಡೆಯ ಸಾಲಿನಲ್ಲಿ ಕೂತಿದ್ದ. ಬಾಗಿಲು ಮುಚ್ಚಿದ ಮೇಲೆ ಆಕಾಶದಲ್ಲಿ ಇಳಿಯುವುದಾದರೂ ಎಲ್ಲಿ? ಶಿವನೇ ಕರೆದುಕೊಂಡ ಎಂದು ಊರು ತೀರ್ಮಾನಿಸಿತು. ಗಿರಣಿಗೆ ಕೀಲಿ ಬಿತ್ತು. ಅದರ ಪಕ್ಕದಲ್ಲಿ ಗದ್ದುಗೆ ಕಟ್ಟಿ ಆ ಟವೆಲ್ಲನ್ನಿಟ್ಟು ಪೂಜೆ ನಡೆಸಬೇಕೆಂದು ಈ ವರ್ಷ ಕಟ್ಟೆ ಎಬ್ಬಿಸಿದ್ದಾರೆ. ದೇಹವಿಲ್ಲದ ಗದ್ದುಗೆಗೆ ಮಣ್ಣಾದರೂ ಬೇಕು. ಪೋಖರಾದ ವಿಮಾನದ ಬಯಲಿನಿಂದ ಒಂದು ಹಿಡಿ ಮಣ್ಣನ್ನು ಹೆಂಡತಿಯೇ ತರಬೇಕು ಎಂದು ಆ ಆರು ಜನರ ಮುಖಂಡ ಚನಬಸಪ್ಪ ಕಾಕಾ ಹೇಳಿದ್ದರು. ಅತ್ತೆ ಆಗಲಿ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ.

‘ಅಂವ ಕುಂತ ಸೀಟಿನ್ಯಾಗ ಒಮ್ಮೆ ಕುಂತು ನೋಡ್ತೀನಿ. ಆಮ್ಯಾಲ ಮಣ್ಣಿನ ಮಾತು’ ಎಂದಿದ್ದಳು.

ಮಣ್ಣು ತಂದರೆ ಅವಳು ದೇವರಾದವನ ಹೆಂಡತಿ. ತರದಿದ್ದರೆ ಏನಾಗುತ್ತಾಳೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ನಮ್ಮ ಬಾಜೂಕ್ಕೆ ಕೂತಿದ್ದ ಪೋಖರಾದ ಉಣ್ಣೆ ವ್ಯಾಪಾರಿಯೊಬ್ಬ ಹಿಂದಿಯಲ್ಲಿ ಬುದ್ಧಿ ಹೇಳಿದ. ಚೀಟಿಯ ಮೇಲೆ ಸೀಟಿನ ನಂಬರು ಇರುವುದಿಲ್ಲ, ಮೊದಲು ಹೋದವರಿಗೆ ಮೊದಲು. ಬಲಗಡೆಯೇ ಕೂತುಕೊಳ್ಳಿ, ಗುಡ್ಡಗಳೆಲ್ಲ ಬಲಕ್ಕೆ. ರೆಕ್ಕೆಯ ಮೇಲಿನ ಸಾಲು ಹಿಡಿದರೆ ಬರೀ ರೆಕ್ಕೆ ನೋಡುತ್ತ ಹೋಗಬೇಕಾದೀತು. ಕಡೆಯ ಸಾಲಂತೂ ಬೇಡವೇ ಬೇಡ, ಬಾಗಿಲ ಸಂದಿಯ ಚಳಿ, ಬಾಲದ ಕುಲುಕಾಟ, ಮೇಲೆ ಶೌಚದ ವಾಸನೆ. ನಾನು ಅದನ್ನೆಲ್ಲ ಅತ್ತೆಗೆ ತಿಳಿಸಿದೆ.

‘ಹಂಗಾರ ಎಡಗಡೆ ಕಡೀ ಸೀಟಿನ್ಯಾಗ ಕುಂತಾವಂಗ ಏನ ಕಾಣತೈತಂತ? ಕೇಳವನ್ನ’ ಎಂದಳು ಅತ್ತೆ.

ಕೇಳಿದೆ. ವ್ಯಾಪಾರಿ ನಕ್ಕ. ‘ಬಾಗಿಲು ಕಾಣುತ್ತದೆ.’

ಮೆಟ್ಟಿಲ ಮೇಲೆ

ಒಂಬತ್ತರ ಹೊತ್ತಿಗೆ ಮಂಜು ಸ್ವಲ್ಪ ಹರಿದು, ಬಯಲಿನ ನಡುವೆ ಎರಡು ಪಂಖದ ಬಿಳಿ ವಿಮಾನ ಅರ್ಧಮರ್ಧ ಕಂಡಿತು. ಬಾಗಿಲು ತೆರೆದದ್ದೇ ತಡ, ಜನ ಓಡಿದರು. ಬೇರೆ ದೇಶವೆಂದು ನನಗೆ ಮೊದಲ ಸಲ ಅನ್ನಿಸದೇ ಹೋದದ್ದು ಅಲ್ಲಿಯೇ. ನವಲಗುಂದದ ಸ್ಟ್ಯಾಂಡಿನಲ್ಲಿ ಕಡೆಯ ಬಸ್ಸು ಬಂದಾಗ ಓಡುವ ಹಾಗೆಯೇ ಓಡಿದರು. ವಿಮಾನಕ್ಕೆ ಪ್ರಯಾಣಿಕರ ಬಾಗಿಲು ಒಂದೇ: ಬಾಲದ ಹತ್ತಿರ, ಎಡಮಗ್ಗುಲಿಗೆ. ಮೆಟ್ಟಿಲು ಹತ್ತಿದವರು ಅಲ್ಲಿಂದ ಒಳಹೊಕ್ಕು ಮುಂದೆ ನಡೆಯಬೇಕು.

ಅತ್ತೆ ಹತ್ತಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ಹಿಂದಿನವರು ನೂಕುತ್ತಿದ್ದರೂ ಒಳಗೆ ಹೋಗಲೊಲ್ಲಳು.

‘ಲೇ ತಮ್ಮಾ, ಎಲ್ಲಾ ಸೀಟಿಗೂ ವಸ್ತ್ರಾ ಹಾಕಿಬಿಟ್ಟಾರಲ್ಲೋ! ನಮಗ ಜಾಗಾ ಎಲ್ಲೈತಿ?’

ನಿಜ. ಪ್ರತಿಯೊಂದು ಸೀಟಿನ ತಲೆಯ ಮೇಲೂ ಒಂದೊಂದು ಬಿಳಿ ಬಟ್ಟೆ ಇಳಿಬಿದ್ದಿತ್ತು. ಎಣ್ಣೆತಲೆ ತಾಗಿ ಸೀಟು ಹೊಲಸಾಗದಿರಲೆಂದು ಕಂಪನಿಯವರು ಹಾಕುವ ಬಟ್ಟೆ ಅದು. ಆದರೆ ನಮ್ಮವರ ಕಣ್ಣಿಗೆ ಸೀಟಿನ ಮೇಲಿನ ಬಟ್ಟೆಗೆ ಬೇರೆಯೇ ಅರ್ಥ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿಯುವವರು ನಾವು. ಟವೆಲ್ಲು ಬಿದ್ದ ಸೀಟಿಗೆ ಒಡೆಯನಿದ್ದಾನೆ ಎಂದೇ ಲೆಕ್ಕ. ಅವನು ಹೊರಗೆ ಚಹಾ ಕುಡಿಯುತ್ತಿದ್ದರೂ ಸರಿ. ಅದನ್ನು ಸರಿಸಿ ಕೂತವನನ್ನು ಇಡೀ ಬಸ್ಸು ಬೈಯುತ್ತದೆ.

ನಾನು ಬಿಡಿಸಿ ಹೇಳಿದಾಗ ಅತ್ತೆಗೂ ನಗು ಬಂತು. ‘ಹೌದೇನು! ನಾ ಎಲ್ಲೋ ಇಷ್ಟೂ ಮಂದಿ ನಮಗಿಂತ ಮೊದಲ ಬಂದು ಕುಂತಾರಂತ ತಿಳದಿದ್ನಿ.’

ಕಡೆಯ ಸಾಲು

ಒಳಗೆ ನಡುವೆ ಓಣಿಯಂಥ ದಾರಿ, ಅದರ ಎರಡೂ ಮಗ್ಗುಲಿಗೆ ಜೋಡಿ ಸೀಟುಗಳು. ಎಲ್ಲರೂ ಬಲಗಡೆಯ ಕಿಟಕಿಗಳಿಗೆ ಮುತ್ತಿದರು. ಮಾವ ಕೂತದ್ದು ಎಡಗಡೆಯ ಕಡೆಯ ಸಾಲಿನಲ್ಲಿ, ಕಿಟಕಿಗೆ. ಚನಬಸಪ್ಪ ಕಾಕಾ ಅದನ್ನು ನೂರು ಸಲ ಹೇಳಿದ್ದರು. ನಾವು ಅಲ್ಲಿಗೆ ತಿರುಗಿದರೆ, ಇಡೀ ವಿಮಾನದಲ್ಲಿ ಯಾರಿಗೂ ಬೇಡವಾದ ಆ ಕಿಟಕಿಗೆ ಆಗಲೇ ಒಬ್ಬ ಕೂತಿದ್ದ.

ಬೂದಿ ಬಣ್ಣದ ಶಾಲು. ತಲೆಗೆ ಬಿಳಿ ಬಟ್ಟೆ ಸುತ್ತಿದ್ದ. ಮುಖ ಕಿಟಕಿಗೆ ಹಚ್ಚಿ, ಏನೂ ಕಾಣದ ಹೊರಗನ್ನು ನೋಡುತ್ತಿದ್ದ. ಓಡಿದವರಲ್ಲಿ ಇವನನ್ನು ನಾನು ಕಂಡಿರಲಿಲ್ಲ. ಅತ್ತೆ ಅವನ ಬಾಜೂಕಿನ ಸೀಟಿನಲ್ಲಿ ಕೂತಳು. ದಾರಿಯ ಈಚೆ ನಾನು.

ನಾವು ಕೂತ ಮೇಲೆ ಮಂಜು ಮತ್ತೆ ಇಳಿಯಿತು. ಹೊರಡಲು ಇನ್ನೂ ಹೊತ್ತಿದೆ, ಅಲ್ಲಾಡದೆ ಕೂತಿರಿ ಎಂದು ಗಗನಸಖಿ ಹೇಳಿದಳು. ಪಂಖಗಳು ನಿಂತೇ ಇದ್ದವು. ಹಿಂದಿನ ಬಾಗಿಲು ತೆರೆದೇ ಇತ್ತು, ಅದರಿಂದ ಮಂಜು ಒಲೆಯ ಹೊಗೆಯ ಹಾಗೆ ಒಳಗೆ ಬರುತ್ತಿತ್ತು.

ಆ ಹೊತ್ತಿನಲ್ಲಿ ನನ್ನ ಕೆಲಸ ಮುಗಿಸೋಣವೆಂದು ಎದ್ದೆ. ಆರು ಜನ ಕೂತದ್ದು ಮುಂದಿನ ಸಾಲುಗಳಲ್ಲಿ. ಅಲ್ಲಿಂದ ಹಿಂದಿರುಗಿದರೆ ಏನು ಕಾಣುತ್ತದೆ ಎಂದು ನೋಡಬೇಕಿತ್ತು. ಎರಡನೆಯ ಸಾಲಿನಲ್ಲಿ ಒಂದು ಸೀಟು ಖಾಲಿ ಇತ್ತು. ಕೂತೆ, ತಿರುಗಿದೆ.

ಸೀಟುಗಳ ಬೆನ್ನು ಎತ್ತರ. ಕೂತವರ ಮುಖಕ್ಕೆ ಮುಂದಿನ ಸೀಟೇ ಮರೆ. ಕಾಣುವುದು ಸೀಟುಗಳ ತಲೆಯ ಬಿಳಿ ಬಟ್ಟೆ ಮಾತ್ರ. ಎಡಗಡೆ ಸಾಲಿನ ಹಿಂದೆ ಸಾಲು, ಬಿಳಿ ರುಮಾಲು ಸುತ್ತಿ ತಲೆ ತಗ್ಗಿಸಿ ಕೂತ ಗಂಡಸರ ಹಾಗೆ. ಎಡಗಡೆಯ ಅರ್ಧ ಸೀಟುಗಳು ಖಾಲಿ ಎಂದು ನನಗೆ ಗೊತ್ತಿತ್ತು; ಈಗಷ್ಟೇ ಅವುಗಳ ನಡುವೆ ನಡೆದು ಬಂದಿದ್ದೆ. ಆದರೂ ಅಲ್ಲಿಂದ ನೋಡಿದಾಗ ಒಂದು ಸೀಟೂ ಖಾಲಿ ಕಾಣಲಿಲ್ಲ. ಮಂಜಿನ ಹೊಗೆಯಲ್ಲಿ ಎಲ್ಲರೂ ನನ್ನನ್ನೇ ಕಾಯುತ್ತಿದ್ದ ಹಾಗಿತ್ತು. ಅವರಲ್ಲಿ ಯಾರು ಮನುಷ್ಯ, ಯಾರು ಬಟ್ಟೆ ಎಂದು ವಿಂಗಡಿಸಲು ಯತ್ನಿಸಿದೆ. ಆಗಲಿಲ್ಲ. ಎದ್ದು ಬಂದೆ.

ಕಿಟಕಿಯ ಸೀಟಿನಲ್ಲಿ ಯಾರೂ ಇರಲಿಲ್ಲ.

‘ಅತ್ತಿ, ಇಲ್ಲಿದ್ದಾಂವ?’

‘ಇಳದ ಹ್ವಾದ.’

‘ಯಾವಾಗ?’

‘ಈಗ. ನೀ ಅತ್ಲಾಗ ಮುಂದ ಕುಂತಿದ್ಯಲಾ, ಆವಾಗ. ಎದ್ದ ನಿಂತ. ನಾ ಮೊಣಕಾಲ ಸರಿಸಿ ದಾರಿ ಬಿಟ್ನಿ. ಹ್ವಾದ.’

ನಾಲ್ಕು ಹೆಜ್ಜೆಗೆ ಬಾಗಿಲು. ಹೊರಗೆ ಮೆಟ್ಟಿಲಿನ ಎರಡು ಪಾವಟಿಗೆ ಮಾತ್ರ ಕಾಣುತ್ತಿತ್ತು, ಮೂರನೆಯದು ಮಂಜಿನಲ್ಲಿತ್ತು. ಇಷ್ಟು ಹೊತ್ತೂ ನಾನು ಹಿಂದಕ್ಕೇ ನೋಡುತ್ತಿದ್ದೆ. ಒಬ್ಬ ಎದ್ದು ಹೋದದ್ದು ನನಗೆ ಕಂಡಿರಲಿಲ್ಲ.

ಎಣಿಕೆ

ಕಚೇರಿಯವರು ಹೇಳಿಕಳಿಸಿ ಅವನನ್ನು ಇಳಿಸಿರಬೇಕು, ಗಗನಸಖಿಗೆ ಗೊತ್ತಿದ್ದೀತು ಎಂದುಕೊಂಡೆ. ಅಷ್ಟರಲ್ಲಿ ಅವಳು ಎಣಿಸುತ್ತ ಮುಂದಿನಿಂದ ಬಂದಳು. ಕೈಯಲ್ಲಿ ಚೀಟಿ, ತುಟಿಯಲ್ಲೇ ಲೆಕ್ಕ, ಬೆರಳು ಗಾಳಿಯಲ್ಲಿ ತಲೆಯಿಂದ ತಲೆಗೆ. ನಮ್ಮ ಸಾಲಿಗೆ ಬಂದಾಗ ಆ ಬೆರಳು ಮೂರು ಸಲ ಬಾಗಿತು: ಕಿಟಕಿ, ಅತ್ತೆ, ನಾನು. ಚೀಟಿ ನೋಡಿದಳು. ಲೆಕ್ಕ ಸರಿ ಬಂದಿರಬೇಕು, ತಲೆಯಾಡಿಸಿದಳು.

ನಾನು ಬಾಯಿ ತೆರೆದೆ. ಅತ್ತೆ ದಾರಿಯ ಆಚೆಯಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು.

‘ಸುಮ್ನ ಕುಂದ್ರು.’

‘ಅತ್ತಿ, ಒಬ್ಬ ಕಮ್ಮಿ ಅದಾನ...’

‘ನನಗ್ಗೊತ್ತೈತಿ. ಏನ ಆಗತೈತಿ ನೋಡೂಣು.’

ಬಾಗಿಲು ಮುಚ್ಚಿತು. ಪಂಖಗಳು ತಿರುಗಿದವು. ಏನೂ ಆಗಲಿಲ್ಲ. ವಿಮಾನ ಹೊರಟಿತು, ಅಷ್ಟೇ.

ಮಂಜಿನ ಮೇಲಕ್ಕೆ ಬಂದಾಗ ಬಲಗಡೆಯವರೆಲ್ಲ ಒಟ್ಟಿಗೆ ಉದ್ಗಾರ ತೆಗೆದರು. ಅವರ ಭುಜಗಳ ಸಂದಿಯಲ್ಲಿ ನನಗೆ ಹಿಮದ ಒಂದು ಚೂರು ಕಂಡಿತು, ಸುಣ್ಣ ಬಳಿದ ಗೋಡೆಯಷ್ಟು ಹತ್ತಿರ. ನಮ್ಮ ಎಡಗಡೆಯ ಕಿಟಕಿಯಲ್ಲಿ ಬೂದು ಮೋಡದ ಹೊರತು ಬೇರೇನೂ ಇರಲಿಲ್ಲ. ಸೀಟುಗಳ ವಿಷಯದಲ್ಲಿ ನನ್ನ ಲೆಕ್ಕ ಆಗ ಮುಗಿಯಿತು. ಹಿಮದ ಗುಡ್ಡ ನೋಡಲೆಂದು ಬಂದವನು, ಗೆಳೆಯರೆಲ್ಲ ಮುಂದೆ ಓಡುತ್ತಿರುವಾಗ, ಈ ಸೀಟನ್ನು ಯಾಕೆ ಆರಿಸುತ್ತಾನೆ? ಇಲ್ಲಿ ಕೂತವನಿಗೆ ಸಿಗುವುದು ಒಂದೇ ಅನುಕೂಲ. ಅದನ್ನು ಉಣ್ಣೆ ವ್ಯಾಪಾರಿ ಬೆಳಿಗ್ಗೆಯೇ ಹೇಳಿದ್ದ.

ಅತ್ತೆಯ ಕಡೆ ನೋಡಿದೆ. ಅವಳು ಇದೇ ಲೆಕ್ಕವನ್ನು ನನಗಿಂತ ಮೊದಲೇ ಮುಗಿಸಿ ಕೂತ ಹಾಗಿತ್ತು.

ಗಗನಸಖಿ ಪೆಪ್ಪರಮಿಂಟು ಮತ್ತು ಕಿವಿಗೆ ಹತ್ತಿ ಇದ್ದ ತಟ್ಟೆ ಹಿಡಿದು ಬಂದಳು. ಅತ್ತೆಯ ಕೈಗೆ ಎರಡೆರಡು ಹಾಕಿದಳು. ಆಮೇಲೆ ಕಿಟಕಿಯ ಸೀಟು ನೋಡಿದಳು.

‘ಇವರೆಲ್ಲಿ?’ ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದಳು.

‘ಇಳಿದು ಹೋದರು.’

‘ಎಲ್ಲಿ?’

ನಮ್ಮ ಕೆಳಗೆ ಮೋಡ ಹಾಸಿತ್ತು. ಅವಳು ಶೌಚದ ಬಾಗಿಲು ತಟ್ಟಿದಳು, ತೆರೆದಳು, ಮುಚ್ಚಿದಳು. ಹೊರಗಿನ ಬಾಗಿಲ ಹಿಡಿಕೆಯ ಮೇಲೆ ಒಂದು ಕ್ಷಣ ಕೈಯಿಟ್ಟು ನಿಂತಳು. ಮುಂದೆ ಹೋದವಳು ವಿಮಾನ ಇಳಿಯುವವರೆಗೆ ನಮ್ಮ ಸಾಲಿನ ಕಡೆ ಬರಲಿಲ್ಲ.

ಪೋಖರಾ

ವಿಮಾನದ ಬಯಲು ನಮ್ಮೂರ ದನ ಮೇಯುವ ಗಾಯರಾಣದಂತೆ ಹುಲ್ಲಿನಿಂದ ಕೂಡಿತ್ತು. ಅದರ ಒಂದು ತುದಿಗೆ ಎಮ್ಮೆ ಮೇಯುತ್ತಿದ್ದವು. ಅವುಗಳ ಬೆನ್ನಿನ ಮೇಲೆಯೇ ಎದ್ದ ಹಾಗೆ ಮೊನಚಾದ ಹಿಮದ ಗುಡ್ಡ. ನಾನು ಮೊದಲು ಕಚೇರಿಗೆ ಹೋದೆ. ಒಬ್ಬ ಪ್ರಯಾಣಿಕ ಕಠ್ಮಂಡುವಿನಲ್ಲೇ ಇಳಿದುಹೋದ ಎಂದು ಹೇಳಿದೆ. ಗುಮಾಸ್ತ ಹಾಳೆ ನೋಡಿ, ಸಮಾಧಾನದಿಂದಲೇ ಉತ್ತರ ಕೊಟ್ಟ.

‘ಹಾಗೇನಿಲ್ಲವಲ್ಲ. ಹತ್ತಿದವರೆಲ್ಲ ಇಳಿದಿದ್ದಾರೆ.’

ನಾನು ತಿರುಗಿ ನಡೆದೆ.

ಹೊರಗೆ ಅತ್ತೆ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಮಣ್ಣಿಗೆಂದು ಊರವರು ಹೊಲಿಸಿಕೊಟ್ಟ ಕೆಂಪು ಚೀಲ ತೊಡೆಯ ಮೇಲಿತ್ತು. ಇಬ್ಬನಿಯ ಮಣ್ಣನ್ನು ಒಂದು ಹಿಡಿ ಕಿತ್ತಳು. ಅದನ್ನು ಹಿಸುಕಿ ನೋಡಿದಳು, ಬಿತ್ತುವ ಮುಂಚೆ ಹದ ನೋಡುವ ಹಾಗೆ. ಆಮೇಲೆ ಅಲ್ಲಿಯೇ ಸುರಿದು ಕೈ ಝಾಡಿಸಿದಳು.

‘ಯಾಕತ್ತಿ?’

‘ಇಲ್ಲೀತನಕಾ ಅಂವ ಬಂದಿದ್ದರ ಇಲ್ಲೀ ಮಣ್ಣು. ಅಂವ ಬಂದೇ ಇಲ್ಲ.’

‘ಆರು ಮಂದಿ ನೋಡ್ಯಾರಂತಲಾ?’

‘ನೀ ನೋಡಿದ್ಯಲ್ಲ ಇವತ್ತ, ಮುಂದ ಕುಂತು? ಏನ ಕಂಡ್ತು?’

ಅವಳು ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

‘ಇಷ್ಟ ದಿನಾ ದೇವರ ಹೇಣ್ತಿ ಇದ್ನಿ. ಮಂದಿ ಕಾಲ ಬೀಳತಿದ್ರು. ನಾಳಿಂದ ಗಂಡ ಬಿಟ್ಟಾಕಿ ಅಂತಾರ. ಅನ್ಲಿ.’

ಆಗ ನಾನು ವಿಮಾನದಲ್ಲಿಯೇ ಕೇಳಬೇಕೆಂದಿದ್ದನ್ನು ಕೇಳಿದೆ. ‘ಅತ್ತಿ, ಕಿಟಕೀಗೆ ಕುಂತಿದ್ದಾಂವನ ಮಾರಿ ನೋಡಿದ್ಯೇನು?’

ಅವಳು ಗುಡ್ಡದ ಕಡೆ ತಿರುಗಿದಳು. ಅಲ್ಲಿಯವರೆಗೂ ಅದನ್ನು ಅವಳು ನೋಡಿಯೇ ಇರಲಿಲ್ಲ.

‘ನೋಡಿದ್ದರ ದಾರಿ ಬಿಡತಿದ್ದಿಲ್ಲ’ ಎಂದಳು.

ತಿರ್ಲಾಪುರ

ಊರಿಗೆ ಬಂದ ಮರುದಿನ ಕಟ್ಟೆಯ ಹತ್ತಿರ ಜನ ಕೂಡಿದರು. ಚನಬಸಪ್ಪ ಕಾಕಾ ತಟ್ಟೆಯಲ್ಲಿ ಕರ್ಪೂರ ಹಿಡಿದು ನಿಂತಿದ್ದರು. ಅತ್ತೆ ಬರಿಯ ಚೀಲ ಕೊಡವಿ ತೋರಿಸಿದಳು.

‘ನೀಲವ್ವಾ, ಇದೇನಬೇ? ಮಣ್ಣೆಲ್ಲಿ?’

‘ಕಾಕಾ, ಖರೇ ಹೇಳ್ರಿ. ಬಾಗಲಾ ಮುಚ್ಚಿದ ಮ್ಯಾಲ ನೀವು ಹಿಂದ ತಿರುಗಿ ನೋಡಿದ್ರಿ. ಅವನ ಮಾರಿ ನೋಡಿದ್ರ್ಯಾ?’

‘ಮಾರಿ ಯಾಕ ನೋಡ್ಬೇಕು? ಸೀಟಿನ ತಲೀಮ್ಯಾಲ ಅವನ ಟವಲ್ ಇತ್ತು.’

‘ಟವಲ್ ನೋಡಿದ್ರಿ.’

‘ಟವಲ್ ಐತಿ ಅಂದಮ್ಯಾಲ ಮನಷಾ ಇದ್ದಂಗ ಅಲ್ಲೇನು?’ ಎಂದ ಕಾಕಾ, ಆ ಮಾತು ತಮ್ಮ ಕಿವಿಗೇ ಬಿದ್ದ ಹಾಗೆ ಕರ್ಪೂರದ ತಟ್ಟೆ ಕೆಳಗಿಟ್ಟರು. ಉಳಿದ ಐವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರು ವರ್ಷದಿಂದ ಅವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಸೀಟಿಗೆ ಒಡೆಯನಿದ್ದ ಎಂದು ನಂಬಿದ್ದರು, ಅಷ್ಟೇ.

ಗುಂಪಿನಿಂದ ಯಾರೋ ಕೂಗಿದರು: ‘ಹಂಗಾರ ಎಲ್ಲಿಗೆ ಹ್ವಾದ ಅಂವ?’

‘ಅದನ್ನ ಅಂವ ಹೇಳ್ಬೇಕು. ನಾ ಹೆಂಗ ಹೇಳ್ಲಿ?’ ಎಂದಳು ಅತ್ತೆ. ಮನೆಗೆ ಹೋಗಿ ಗಿರಣಿಯ ಕೀಲಿಕೈ ತಂದಳು. ತುಕ್ಕು ಹಿಡಿದ ಕೀಲಿಯಲ್ಲಿ ಅದು ತಿರುಗಲಿಲ್ಲ. ಬಡಿಗೇರನನ್ನು ಕರೆಸಿ ಚಿಲಕವನ್ನೇ ಕೀಳಿಸಿದಳು.

ಈಗ ಗಿರಣಿ ನಡೆಯುತ್ತಿದೆ. ಕೆಲವರು ಮಾತು ಬಿಟ್ಟಿದ್ದಾರೆ, ಅವರ ಮನೆಯ ಜೋಳ ಶಲವಡಿಗೆ ಹೋಗುತ್ತದೆ. ಅರ್ಧ ಎದ್ದ ಕಟ್ಟೆಯ ಮೇಲೆ ಹಿಟ್ಟಿಗೆ ಕಾಯುವವರು ಕೂರುತ್ತಾರೆ. ನನ್ನ ಲೆಕ್ಕದಲ್ಲಿ ಮಾತ್ರ ಎರಡು ಕಡೆ ಖಾಲಿ ಉಳಿದಿದೆ. ೧೯೮೦ರಲ್ಲಿ ಒಬ್ಬ ಕಡಿಮೆಯಾಗಿಯೂ ಎಣಿಕೆ ಸರಿ ಬಂದದ್ದು ಹೇಗೆ? ಮೊನ್ನೆ ನಮ್ಮೆದುರಿಗೇ ಸರಿ ಬಂದದ್ದು ಹೇಗೆ? ಗಗನಸಖಿಯ ಕಣ್ಣಿಗೂ ಬಟ್ಟೆಯೇ ತಲೆಯಾಗಿ ಕಂಡಿತು ಎನ್ನೋಣವೆಂದರೆ, ಆಮೇಲೆ ‘ಇವರೆಲ್ಲಿ’ ಎಂದು ಕೇಳಿದಳಲ್ಲ. ಅವಳೂ ಅವನನ್ನು ಕಂಡಿದ್ದಳು. ಪೋಖರಾದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಗೀಟು ಹಾಕಿದವರು ಯಾರನ್ನು ನೋಡಿ ಹಾಕಿದರು?

ಆ ದಾರಿಯಲ್ಲಿ ಓಡಾಡಿದವರು, ಅಂಥ ವಿಮಾನಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ೧೯೮೦ರ ಚಳಿಗಾಲದಲ್ಲಿ, ಧೋತರ ಉಟ್ಟ, ಐವತ್ತರ ಆಸುಪಾಸಿನ, ಮಾತು ಕಡಿಮೆಯ ಒಬ್ಬ ಕನ್ನಡದವನು ಕಠ್ಮಂಡುವಿನಲ್ಲಿ ವಿಮಾನ ಹೊರಡುವ ಮುಂಚೆ ಹಿಂದಿನ ಬಾಗಿಲಿನಿಂದ ಇಳಿದದ್ದನ್ನು ಯಾರಾದರೂ ಕಂಡಿರಬಹುದು. ಆತ ಈಗ ಎಲ್ಲಿದ್ದಾನೆ ಎಂದು ತಿಳಿಸಬೇಕಿಲ್ಲ. ಅತ್ತೆಗೆ ಅದು ಬೇಡವಂತೆ. ಮೆಟ್ಟಿಲು ಇಳಿಯುವಾಗ ಆತನಿಗೆ ಅವಸರವಿತ್ತೋ, ನಿಧಾನವಾಗಿ ಇಳಿದನೋ, ಅಷ್ಟು ಗೊತ್ತಾದರೆ ಸಾಕಂತೆ.